ಸಾತ್ವಿಕ ಊಟದ ಚೀಟಿ, ನಮ್ಮ ಮಕ್ಕಳ ಕರಾಟೆ



ಸ್ವಲ್ಪ ಉದ್ದದ ಬರಹ, ಬಿಡುವು ಮಾಡ್ಕೊಂಡು ಓದಿ. ನಮ್ಮ ಕೇರಿಗಳಲ್ಲಿ, ಹಾಸ್ಟೆಲ್‌ಗಳಲ್ಲಿ, ಸಮುದಾಯ ಭವನಗಳಲ್ಲಿ ಮಕ್ಕಳಿಗೆ ಕರಾಟೆ, ಕುಸ್ತಿ, ಬಾಕ್ಸಿಂಗ್ ಕಲಿಸೋದು ನಡೀತಿದೆ. ಸಂತೋಷ. ಆದರೆ ಏನು ತಿನ್ನಬೇಕು, ಎಷ್ಟು ದಣಿಯಬೇಕು, ಮನಸ್ಸನ್ನ ಹೇಗೆ ಸಿದ್ಧ ಮಾಡ್ಕೋಬೇಕು ಅನ್ನೋ ಮೂರು ಪ್ರಶ್ನೆಗೆ ಅವರಿಗೆ ಸಿಗ್ತಿರೋ ಉತ್ತರ ಬೇರೆಯವರ ಅಡುಗೆಮನೆ ನೋಡಿ ಬರೆದಿದ್ದು, ಬೇರೆಯವರ ಬೆಳಗಿನ ಜಾವ ನೋಡಿ ಬರೆದಿದ್ದು. ಅದನ್ನ ಹಾಗೇ ನಮ್ಮ ಮಕ್ಕಳ ಮೇಲೆ ಹೇರಿದ್ರೆ ಮೈ ಗಟ್ಟಿಯಾಗೋ ಮೊದಲೇ ಅವಮಾನ ಒಳಗಿಳಿಯುತ್ತೆ. ನಮ್ಮ ಮಕ್ಕಳ ತರಬೇತಿ ನಮ್ಮ ಮನೆ ಮಡಕೆಯಿಂದ, ನಮ್ಮ ದಿನಚರಿಯಿಂದ ಶುರುವಾಗಬೇಕು. ಇಷ್ಟೇ ನನ್ನ ಮಾತು. ಯಾಕೆ, ಹೇಗೆ ಅಂತ ಕೆಳಗೆ ಹೇಳ್ತೀನಿ.

ನಾನು ಕೋಚ್ ಅಲ್ಲ, ಡಾಕ್ಟರೂ ಅಲ್ಲ. ಬಿಎ ಓದಿ ಆಫೀಸಲ್ಲಿ ಗುಮಾಸ್ತೆ ಕೆಲಸ ಮಾಡೋಳು. ಶ್ರೀನಗರದಲ್ಲಿ ನಾವು ಕೆಲವರು ಸೇರಿ ವಾರಕ್ಕೆ ಮೂರು ದಿನ ಮಕ್ಕಳಿಗೆ ಕರಾಟೆ ಕ್ಲಾಸ್ ನಡೆಸ್ತೀವಿ. ಎರಡು ದಿನ ಸಂಜೆ, ಭಾನುವಾರ ಬೆಳಗ್ಗೆ. ಹೇಳಿಕೊಡೋಕೆ ಮಾಸ್ಟರ್ ಇದ್ದಾರೆ. ಹಾಜರಿ, ಚಾಪೆ, ನೀರು, ತಾಯಂದಿರ ಜೊತೆ ಮಾತು ಇವೆಲ್ಲ ನನ್ನ ಪಾಲಿಗೆ. ನಲವತ್ನಾಲ್ಕರಲ್ಲಿ ನಾನೂ ಬಿಳಿ ಬೆಲ್ಟ್ ಕಟ್ಟಿ ಮಕ್ಕಳ ಹಿಂದಿನ ಸಾಲಲ್ಲಿ ನಿಂತೆ. ಹಗಲೆಲ್ಲ ಕುರ್ಚಿ ಮೇಲೆ ಕೂತ ಸೊಂಟಕ್ಕೆ ಮೊದಲ ತಿಂಗಳು ಏನಾಯ್ತು ಅಂತ ಕೇಳ್ಬೇಡಿ.

ಚೀಟಿಯಲ್ಲಿ ಏನಿತ್ತು

ನಮ್ಮ ಹುಡುಗಿಯರಲ್ಲಿ ಕೆಲವರು ಒಂದು ಬೇಸಿಗೆ ಶಿಬಿರಕ್ಕೆ ಹೋಗಿದ್ರು. ಹೆಸರು ಬೇಡ. ಅಲ್ಲಿ ಒಂದು ಚೀಟಿ ಕೊಟ್ಟು ಕಳಿಸಿದ್ರು. ಬೆಳಗ್ಗೆ ನೆನೆಸಿದ ಬಾದಾಮಿ, ಹಾಲು, ತುಪ್ಪ. ಮಧ್ಯಾಹ್ನ ಪನೀರು. ಸಂಜೆ ಪ್ರೋಟೀನ್ ಪೌಡರ್. ಕೆಳಗೆ ದಪ್ಪ ಅಕ್ಷರದಲ್ಲಿ: ಮಾಂಸ, ಮೊಟ್ಟೆ, ಈರುಳ್ಳಿ, ಬೆಳ್ಳುಳ್ಳಿ ತಾಮಸ ಆಹಾರ, ಏಕಾಗ್ರತೆ ಕೆಡಿಸುತ್ತೆ, ತ್ಯಜಿಸಿ.

ಹದಿಮೂರು ವರ್ಷದ ಒಬ್ಬಳು ಅದನ್ನ ತಂದು ತೋರಿಸಿ ಕೇಳಿದ್ಲು: "ಅಕ್ಕ, ನಮ್ಮನೇಲಿ ಭಾನುವಾರ ಬಾಡು ಮಾಡ್ತಾರೆ. ಹಂಗಾದ್ರೆ ನಂಗೆ ಬ್ಲ್ಯಾಕ್ ಬೆಲ್ಟ್ ಸಿಗಲ್ವಾ?"

ಅವಳ ಅಮ್ಮ ಪೌರಕಾರ್ಮಿಕರು. ಆ ಚೀಟಿಯ ಒಂದು ವಾರದ ಖರ್ಚು ಆ ಮನೆಯ ತಿಂಗಳ ದಿನಸಿ ಲೆಕ್ಕಾನೇ ಅಲ್ಲಾಡಿಸುತ್ತೆ. ದುಡ್ಡಿನ ಮಾತು ಬಿಡಿ, ಆಮೇಲೆ ಬರ್ತೀನಿ. ಆ ಮಗು ತನ್ನ ಅಮ್ಮ ಕೈಯಾರೆ ಮಾಡಿ ಬಡಿಸೋ ಊಟವನ್ನ ತನ್ನ ಸೋಲಿಗೆ ಕಾರಣ ಅಂದ್ಕೊಂಡಿತು. ಅದಕ್ಕಿಂತ ದೊಡ್ಡ ಏಟು ಯಾವ ಪಂಚೂ ಕೊಡಲ್ಲ.

ಇದು ಹೊಸದೇನಲ್ಲ. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಮತ್ತು ವಿಜಯಪುರದ ಶಾಲೆಗಳಲ್ಲಿ ಮೊಟ್ಟೆ ಕೊಡೋಕೆ ಶುರು ಮಾಡಿದಾಗ ಎಷ್ಟು ಮಠಗಳಿಂದ ಕೂಗು ಎದ್ದಿತು ನೆನಪಿದೆಯಲ್ಲ? ಆಗ ಗಂಗಾವತಿಯ ಒಬ್ಬ ಶಾಲಾ ಹುಡುಗಿ ನಮಗೆ ಮೊಟ್ಟೆ ಬೇಕು, ಕೊಡದಿದ್ರೆ ಮಠಕ್ಕೇ ಬಂದು ತಿಂತೀವಿ ಅಂತ ನೇರವಾಗಿ ಹೇಳಿದ ವಿಡಿಯೋ ನಾವೆಲ್ಲ ಹಂಚ್ಕೊಂಡಿದ್ವಿ. 2024ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನದಲ್ಲಿ ಮದ್ಯ, ತಂಬಾಕಿನ ಸಾಲಲ್ಲಿ ಮಾಂಸಾಹಾರವನ್ನೂ ಸೇರಿಸಿ ನಿಷೇಧ ಅಂತ ಬರೆದಾಗ ಬಾಡೂಟಕ್ಕಾಗಿ ಗೆಳೆಯರು ದನಿ ಎತ್ತಿದ್ರು. ಶಾಲೆಯಲ್ಲಿ ಕೇಳಿದ್ವಿ, ಸಮ್ಮೇಳನದಲ್ಲಿ ಕೇಳಿದ್ವಿ. ಕರಾಟೆ ಕ್ಲಾಸಿನಲ್ಲಿ, ಜಿಮ್ಮಿನಲ್ಲಿ, ಗರಡಿಯಲ್ಲಿ ಯಾಕೆ ಕೇಳ್ತಿಲ್ಲ? ಅಲ್ಲಿ ಅದೇ ಮಾತು ವಿಜ್ಞಾನದ ವೇಷ ಹಾಕ್ಕೊಂಡು ಬರುತ್ತೆ. ಅದಕ್ಕೇ ಸುಮ್ಮನಿರ್ತೀವಿ.

ಕರಾಟೆ ಹುಟ್ಟಿದ್ದು ಎಲ್ಲಿ? ಒಕಿನಾವಾ ದ್ವೀಪದಲ್ಲಿ. 1922ರಲ್ಲಿ ಗಿಚಿನ್ ಫುನಕೋಶಿ ಅಲ್ಲಿಂದ ಟೋಕಿಯೋಗೆ ಬಂದು ಅದನ್ನ ಜಪಾನಿಗೆಲ್ಲ ಪರಿಚಯ ಮಾಡಿಸಿದ್ರು. ಆ ಒಕಿನಾವಾ ಜನರ ಊಟ ಯಾವುದಕ್ಕೆ ಹೆಸರುವಾಸಿ ಗೊತ್ತಾ? ಗೆಣಸು ಮತ್ತು ಹಂದಿಮಾಂಸಕ್ಕೆ. ನಮ್ಮ ಮೈಸೂರು ಕಡೆ ದಸರಾ ಕುಸ್ತಿಗೆ ಸಾಮು ಮಾಡೋ ಪೈಲ್ವಾನರನ್ನ ಕೇಳಿ, ಹಾಲು-ಬಾದಾಮಿ ಜೊತೆಗೆ ಕಾಲು ಸೂಪಿನ ಮಾತೂ ಬರುತ್ತೆ. ಹಾಗಂತ ಸಸ್ಯಾಹಾರ ತಿಂದು ಹೊಡೆದಾಟದ ಕಲೆ ಕಲಿಯೋಕಾಗಲ್ಲ ಅಂತ ನಾನು ಹೇಳ್ತಿಲ್ಲ. ಚೀನಾದ ಶಾವೊಲಿನ್ ಬೌದ್ಧ ವಿಹಾರದ ಪರಂಪರೆ ಸಸ್ಯಾಹಾರದ್ದೇ. ನಮ್ಮಲ್ಲೂ ಬುದ್ಧನ ದಾರಿ ಹಿಡಿದು ಮಾಂಸ ಬಿಟ್ಟವರಿದ್ದಾರೆ, ಅವರ ಆಯ್ಕೆಗೆ ಗೌರವ. ತಟ್ಟೆಯಲ್ಲಿ ಏನಿರಬೇಕು ಅಂತ ಮೈ ಕೇಳಲಿ, ಮನಸ್ಸು ಕೇಳಲಿ. ಜಾತಿ ಕೇಳಬಾರದು ಅಷ್ಟೇ.

ಲೆಕ್ಕ ಹಾಕೋಣ

ಗುಮಾಸ್ತೆ ಅಲ್ವಾ, ಲೆಕ್ಕ ಇಲ್ಲದೆ ಸಮಾಧಾನ ಆಗಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿರೋ ಪ್ರಕಾರ ದೊಡ್ಡವರಿಗೆ ದಿನಕ್ಕೆ ಒಂದು ಕಿಲೋ ಮೈತೂಕಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. ಗಟ್ಟಿಯಾಗಿ ಸಾಮು ಮಾಡೋರಿಗೆ ಅದು 1.2ರಿಂದ 1.6 ಗ್ರಾಂವರೆಗೂ ಹೋಗುತ್ತೆ. ಅಂದ್ರೆ 50 ಕಿಲೋ ತೂಕದವರಿಗೆ 60ರಿಂದ 80 ಗ್ರಾಂ.

ಈಗ ನಮ್ಮ ಮನೆ ಊಟ ನೋಡಿ. ಎರಡು ಮೊಟ್ಟೆ, 12 ಗ್ರಾಂ. ಒಂದು ಹಿಡಿ ಹುರುಳಿಕಾಳು ಅಂದ್ರೆ 50 ಗ್ರಾಂ ಕಾಳು, ಅದರಲ್ಲಿ 11 ಗ್ರಾಂ. 30 ಗ್ರಾಂ ಕಡಲೆಬೀಜ, 7 ಗ್ರಾಂ. ಎರಡು ಹೊತ್ತಿನ ಮುದ್ದೆಗೆ 150 ಗ್ರಾಂ ರಾಗಿ ಹಿಟ್ಟು, 10 ಗ್ರಾಂ. ಅಷ್ಟೇ ಅಕ್ಕಿಯಲ್ಲಿ ಇನ್ನೊಂದು 10. ಸಾರಿಗೆ 30 ಗ್ರಾಂ ತೊಗರಿಬೇಳೆ, 6 ಗ್ರಾಂ. ಒಂದು ಲೋಟ ಹಾಲು, 6 ಗ್ರಾಂ. ಕೂಡಿ ನೋಡಿ, 60 ದಾಟುತ್ತೆ. ಭಾನುವಾರದ ಬಾಡು ಇದಕ್ಕೆ ಸೇರಿಸಿಲ್ಲ. ರಾಗಿಯಲ್ಲಿ 100 ಗ್ರಾಂಗೆ 340 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ. ಅಕ್ಕಿ, ಗೋಧಿ ಅದರ ಹತ್ತಿರಕ್ಕೂ ಬರಲ್ಲ. ಒದ್ದು, ಬಿದ್ದು, ಏಳೋ ಮಕ್ಕಳ ಮೂಳೆಗೆ ಇದಕ್ಕಿಂತ ಅಗ್ಗದ ಕಾಳು ಎಲ್ಲಿದೆ?

ಇನ್ನು ಪೌಡರ್. ಒಂದು ಕಿಲೋ ಡಬ್ಬಿಗೆ ಸುಮಾರು 2,500 ರೂಪಾಯಿ ಅಂದ್ಕೊಳ್ಳಿ, ಒಳಗೆ ಹೆಚ್ಚೂಕಮ್ಮಿ 750 ಗ್ರಾಂ ಪ್ರೋಟೀನ್ ಇರುತ್ತೆ. ಅದೇ ದುಡ್ಡಿಗೆ ಏಳು ರೂಪಾಯಿ ಲೆಕ್ಕದಲ್ಲಿ ಸುಮಾರು 350 ಮೊಟ್ಟೆ, 2,100 ಗ್ರಾಂ ಪ್ರೋಟೀನ್. ಹುರುಳಿಕಾಳು ಕಿಲೋಗೆ 100 ಅಂದ್ರೂ 25 ಕಿಲೋ, 5,500 ಗ್ರಾಂ. ಕಾಳಿನ ಪ್ರೋಟೀನ್ ಮೊಟ್ಟೆಯಷ್ಟು ಪೂರ್ತಿ ಮೈಗೆ ಹತ್ತಲ್ಲ, ನಿಜ. ಅದಕ್ಕೇ ನಮ್ಮ ಅಜ್ಜಿಯರು ಮುದ್ದೆ ಜೊತೆ ಕಾಳುಸಾರು ಮಾಡ್ತಿದ್ದಿದ್ದು. ಧಾನ್ಯದಲ್ಲಿ ಇಲ್ಲದ್ದು ಕಾಳಲ್ಲಿ, ಕಾಳಲ್ಲಿ ಇಲ್ಲದ್ದು ಧಾನ್ಯದಲ್ಲಿ.

ಬಾಡಿನ ವಿಷಯಕ್ಕೆ ಬರ್ತೀನಿ. ದನದ ಬಾಡು ಬಡವರ ಕೈಗೆಟುಕೋ ಮಾಂಸವಾಗಿತ್ತು. ರಕ್ತಕ್ಕೆ ಬೇಕಾದ ಕಬ್ಬಿಣಾಂಶ, ಬಿ12 ಎರಡೂ ಅದರಲ್ಲಿದೆ. 2020ರ ಕಾನೂನು ಬಂದ ಮೇಲೆ 13 ವರ್ಷ ಮೀರಿದ ಎಮ್ಮೆ, ಕೋಣ ಬಿಟ್ಟು ಬೇರೆ ಯಾವುದನ್ನೂ ಕಡಿಯೋ ಹಾಗಿಲ್ಲ. ಇದನ್ನ ಧರ್ಮದ ಪ್ರಶ್ನೆ ಅಂತ ಟಿವಿಯಲ್ಲಿ ಚರ್ಚೆ ಮಾಡ್ತಾರೆ. ನಮ್ಮ ಕ್ಲಾಸಿನ ಹಾಜರಿ ಪುಸ್ತಕ ಇಟ್ಕೊಂಡು ನೋಡಿದ್ರೆ ಇದು ರಕ್ತಹೀನತೆಯ ಪ್ರಶ್ನೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನಕ್ಕೆ ರಕ್ತಹೀನತೆ. ಹತ್ತು ಒದೆತಕ್ಕೇ ಏದುಸಿರು ಬಿಡೋ ಹುಡುಗಿಯನ್ನ "ಸೋಮಾರಿ" ಅನ್ನೋ ಮುಂಚೆ ಅವಳ ರಕ್ತ ಪರೀಕ್ಷೆ ಮಾಡಿಸಿ. ನಮ್ಮ ಕ್ಲಿನಿಕ್ಕಿಗೋ ಸರ್ಕಾರಿ ಆರೋಗ್ಯ ಕೇಂದ್ರಕ್ಕೋ ಕರ್ಕೊಂಡು ಹೋಗಿ.

ನಮ್ಮ ಕ್ಲಾಸಲ್ಲಿ ಚೀಟಿ ಹಂಚಲ್ಲ. ಬಾಯಲ್ಲೇ ಹೇಳ್ತೀವಿ, ತಾಯಂದಿರಿಗೂ ಹೇಳ್ತೀವಿ:

ಹೊಟ್ಟೆ ತುಂಬ ಉಂಡ ಮೇಲೆ ಎರಡೂವರೆ, ಮೂರು ಗಂಟೆ ಬಿಟ್ಟು ಅಭ್ಯಾಸಕ್ಕೆ ಬನ್ನಿ. ಮುದ್ದೆ ಉಂಡು ಒದೆಯೋಕೆ ನಿಂತ್ರೆ ಮುದ್ದೆ ವಾಪಸ್ ಬರುತ್ತೆ.

ಖಾಲಿ ಹೊಟ್ಟೆಯಲ್ಲೂ ಬರಬೇಡಿ. ಒಂದು ಗಂಟೆ ಮುಂಚೆ ಒಂದು ಬಾಳೆಹಣ್ಣು ಅಥವಾ ಒಂದು ಲೋಟ ರಾಗಿ ಅಂಬಲಿ ಸಾಕು.

ಮುಗಿದ ಮೇಲೆ ಮೊಟ್ಟೆ ಅಥವಾ ಕಾಳು, ಜೊತೆಗೆ ಅನ್ನನೋ ಮುದ್ದೆನೋ. ಮನೆಗೆ ಹೋದ ತಕ್ಷಣ ತಿನ್ನಿ.

ಊಟದ ಜೊತೆ ಟೀ ಕುಡಿಬೇಡಿ, ಒಂದು ಗಂಟೆ ಬಿಡಿ. ಟೀ ಕಬ್ಬಿಣಾಂಶವನ್ನ ಮೈಗೆ ಹತ್ತೋಕೆ ಬಿಡಲ್ಲ. ಸೊಪ್ಪಿನ ಸಾರಿಗೆ, ಕಾಳಿನ ಪಲ್ಯಕ್ಕೆ ನಿಂಬೆಹಣ್ಣು ಹಿಂಡಿ, ಅದು ಹತ್ತಿಸುತ್ತೆ.

ಕುರಿ ಮಾಂಸ ದುಬಾರಿ ಆದ್ರೆ ಲಿವರ್, ಬೋಟಿ, ತಲೆಮಾಂಸ, ಕಾಲು ತನ್ನಿ. ನಮ್ಮವರು ಇದನ್ನ ಬಡತನಕ್ಕೆ ತಿಂದ್ರು. ಅದರಲ್ಲಿ ಸತ್ವ ಇರೋದು ಸುಳ್ಳಲ್ಲ. ಲಿವರ್ ಮಾತ್ರ ವಾರಕ್ಕೊಮ್ಮೆ ಸಾಕು.

ಇನ್ನೊಂದು, ತೂಕ ಇಳಿಸೋ ಹುಚ್ಚು. ಸ್ಪರ್ಧೆಗೆ ಕೆಳಗಿನ ತೂಕದ ವಿಭಾಗಕ್ಕೆ ಸೇರಿಸಬೇಕು ಅಂತ ಮಕ್ಕಳಿಗೆ ನೀರು ಬಿಡಿಸೋರು, ಸ್ವೆಟರ್ ಹಾಕಿಸಿ ಓಡಿಸೋರು ಇದ್ದಾರೆ. 1997ರಲ್ಲಿ ಅಮೆರಿಕದಲ್ಲಿ ಮೂವರು ಕಾಲೇಜು ಕುಸ್ತಿಪಟುಗಳು ಹೀಗೆ ಬೆವರಿಳಿಸಿ ತೂಕ ಕಳೆಯೋಕೆ ಹೋಗಿ ಕೆಲವೇ ವಾರಗಳ ಅಂತರದಲ್ಲಿ ಸತ್ತರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ವಿನೇಶ್ ಫೋಗಟ್ ಫೈನಲ್ ದಿನ 100 ಗ್ರಾಂ ಹೆಚ್ಚಿದ್ದಕ್ಕೆ ಅನರ್ಹರಾದ್ರು. ಹಿಂದಿನ ರಾತ್ರಿಯೆಲ್ಲ ಆಕೆ ತೂಕ ಇಳಿಸೋಕೆ ಏನೆಲ್ಲ ಪಟ್ಟರು ಅಂತ ಓದಿದ್ದೀವಿ. ಒಲಿಂಪಿಕ್ಸ್‌ಗೆ ಹೋಗೋರಿಗೆ ಡಾಕ್ಟರು, ತಜ್ಞರು ಸುತ್ತ ಇರ್ತಾರೆ. ವಾರ್ಡ್ ಮಟ್ಟದ ಸ್ಪರ್ಧೆಗೆ ಹೋಗೋ ಎಂಟನೇ ಕ್ಲಾಸಿನ ಹುಡುಗಿಗೆ ಯಾರಿದ್ದಾರೆ? ಬೆಳೆಯೋ ಮಕ್ಕಳು ತೂಕ ಇಳಿಸಬಾರದು, ಮುಗೀತು. ಹುಡುಗಿಯರಿಗೆ ತಿಂಗಳ ಮುಟ್ಟು ನಿಂತುಹೋದ್ರೆ ಅದು ಕಠಿಣ ಸಾಧನೆಯ ಗುರುತಲ್ಲ. ಮಾಡೋ ಸಾಮಿಗೆ ತಕ್ಕ ಊಟ ಇಲ್ಲ ಅಂತ ಮೈ ಹೇಳ್ತಿರಬಹುದು. ಡಾಕ್ಟರ ಹತ್ರ ಹೋಗ್ಬೇಕು.

ದಣಿವಿನ ಲೆಕ್ಕ

ಎರಡನೇದು ವೇಗ. ಎಷ್ಟು ಮಾಡ್ಬೇಕು, ಎಷ್ಟು ದಿನದಲ್ಲಿ ಮಾಡ್ಬೇಕು.

ಬೆಳಗ್ಗೆ ನಾಲ್ಕೂವರೆಗೆ ಏಳಿ, ಅದೇ ತಪಸ್ಸು ಅಂತ ಹೇಳೋರಿದ್ದಾರೆ. ನಮ್ಮ ಮಕ್ಕಳಲ್ಲಿ ಎಷ್ಟೋ ಜನ ಆ ಹೊತ್ತಿಗೆ ಎದ್ದೇ ಇರ್ತಾರೆ. ಅಮ್ಮ ಬೆಳಕು ಹರಿಯೋ ಮುಂಚೆ ಪೊರಕೆ ಹಿಡಿದು ಹೊರಟ ಮೇಲೆ ತಮ್ಮನ್ನ ಎಬ್ಬಿಸಿ, ನೀರು ಹಿಡಿದು, ಅನ್ನಕ್ಕಿಟ್ಟು ಶಾಲೆಗೆ ಹೋಗೋದು ಅವರೇ. ಸಂಜೆ ಕೆಲವು ಹುಡುಗರು ಅಂಗಡಿಯಲ್ಲಿ ಮೂಟೆ ಎತ್ತುತಾರೆ. ಕೆಲವು ಹುಡುಗಿಯರು ಅಮ್ಮನ ಜೊತೆ ಅಪಾರ್ಟ್‌ಮೆಂಟಿಗೆ ಪಾತ್ರೆ ತಿಕ್ಕೋಕೆ ಹೋಗ್ತಾರೆ. ಆ ಕೆಲಸ ಮೈಗೆ ದಣಿವು ಅಲ್ವಾ? ಎಸಿ ಕಾರಲ್ಲಿ ಬಂದಿಳಿಯೋ ಮಗುವಿಗೂ ಮೂರು ಮಹಡಿಗೆ ನೀರು ಹೊತ್ತು ಬಂದ ಮಗುವಿಗೂ ಒಂದೇ ಲೆಕ್ಕದ ನೂರು ಬಸ್ಕಿ ಅಂದ್ರೆ ಅದು ಸಮಾನತೆ ಅಲ್ಲ.

ಅದಕ್ಕೆ ನಮ್ಮ ಕ್ಲಾಸ್ ಶುರುವಾಗೋದು ಒಂದು ಪ್ರಶ್ನೆಯಿಂದ: ಇವತ್ತು ಎಷ್ಟು ಕೆಲಸ ಮಾಡ್ಕೊಂಡು ಬಂದ್ರಿ, ರಾತ್ರಿ ಎಷ್ಟು ಗಂಟೆ ನಿದ್ದೆ ಮಾಡಿದ್ರಿ? ಹದಿಹರೆಯದವರಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು. ಐದು ಗಂಟೆ ಮಲಗಿ ಬಂದವರಿಗೆ ಅವತ್ತು ಜೋಡಿ ಹೊಡೆದಾಟ ಇಲ್ಲ. ನಿಧಾನವಾಗಿ ಕಟಾ ಮಾಡ್ತಾರೆ, ನಿಲುವು ತಿದ್ಕೋತಾರೆ, ಚಿಕ್ಕವರಿಗೆ ಹೇಳಿಕೊಡ್ತಾರೆ. ಕಲಿಕೆ ನಿಲ್ಲಲ್ಲ.

ಓಡೋದೂ ಹಾಗೇ. ಹನುಮಂತನಗರದ ರಾಮಾಂಜನೇಯ ಗುಡ್ಡದ ಮೆಟ್ಟಿಲು ಹತ್ತಿಸ್ತೀವಿ. ನಿಯಮ ಒಂದೇ: ಪಕ್ಕದವರ ಜೊತೆ ಮಾತಾಡ್ಕೊಂಡು ಹತ್ತೋಕಾಗ್ಬೇಕು. ಮಾತು ನಿಂತ್ರೆ ವೇಗ ಜಾಸ್ತಿಯಾಯ್ತು, ನಡೀರಿ. ಗಟ್ಟಿ ಅಭ್ಯಾಸ ಆದ ಮಾರನೇ ದಿನ ಹಗುರ. ಎರಡು ಗಟ್ಟಿ ದಿನದ ನಡುವೆ ಎರಡು ದಿನ ಅಂತರ ಇದ್ರೆ ಮೈ ತಾನೇ ರಿಪೇರಿ ಮಾಡ್ಕೊಳ್ಳುತ್ತೆ. ಮೊದಲ ಮೂರು ತಿಂಗಳು ತಲೆ ಎತ್ತರದ ಒದೆತ ಇಲ್ಲ. ಮಕ್ಕಳು ಮುಖ ಸಪ್ಪಗೆ ಮಾಡ್ಕೋತಾರೆ, ಮೊಬೈಲಲ್ಲಿ ನೋಡಿರ್ತಾರಲ್ಲ! ಬೀಳೋದು ಕಲಿಯೋ ಮುಂಚೆ ಹಾರೋದು ಬೇಡ.

ಇನ್ನೂ ಒಂದು ನಿಯಮ ಇದೆ, ಇದಕ್ಕೆ ನಾನು ಜಗಳ ಆಡಿಯಾದ್ರೂ ನಿಂತಿದ್ದೀನಿ. ನಮ್ಮಲ್ಲಿ ತಡವಾಗಿ ಬಂದವರಿಗೆ ಶಿಕ್ಷೆಗೆ ಬಸ್ಕಿ ಇಲ್ಲ, ಬೆನ್ನಿಗೆ ಕೋಲು ಇಲ್ಲ. "ಹಿಂದೆ ಗುರುಗಳು ಹಂಗೇ ಕಲಿಸ್ತಿದ್ರು" ಅಂತಾರೆ. ಹಿಂದೆ ಏನೇನೋ ನಡೀತಿತ್ತು ಸ್ವಾಮಿ. ತಲೆತಲಾಂತರದಿಂದ ಶಿಕ್ಷೆ ತಿಂದೇ ಬಂದ ಮೈ ಇದು. ಈ ಮೈಗೆ ಮೊದಲ ಸಲ ಖುಷಿಗಾಗಿ ಬೆವರೋದನ್ನ ಕಲಿಸ್ತಿದ್ದೀವಿ. ಅದನ್ನೂ ದಂಡನೆ ಮಾಡಿಬಿಟ್ರೆ ಮಕ್ಕಳು ಯಾಕೆ ಬರ್ತಾರೆ?

ಮನಸ್ಸಿನ ತಯಾರಿ

ಇದು ಎಲ್ಲಕ್ಕಿಂತ ಕಷ್ಟ.

ಕಣ್ಣು ಮುಚ್ಚಿ, ಉಸಿರು ನೋಡಿ, ಮನಸ್ಸು ಖಾಲಿ ಮಾಡಿ ಅಂತಾರೆ. ಉಸಿರು ನೋಡೋದು ಒಳ್ಳೇದೇ, ಬುದ್ಧ ಹೇಳಿದ್ದೇ ಅದು. ನಾವೂ ಐದು ನಿಮಿಷ ಮಾಡಿಸ್ತೀವಿ. ಆದರೆ ನಮ್ಮ ಮಕ್ಕಳ ಮನಸ್ಸಲ್ಲಿ ತುಂಬಿರೋದು ಏನು ಅಂತ ನೋಡದೆ ಖಾಲಿ ಮಾಡು ಅಂದ್ರೆ ಹೇಗೆ? "ನೀವು ಯಾವ ಜನ?" ಅನ್ನೋ ಪ್ರಶ್ನೆ ಅಲ್ಲಿ ಕೂತಿರುತ್ತೆ. ಬಾಕ್ಸ್ ತೆಗೆದಾಗ ಮೂಗು ಮುಚ್ಕೊಂಡ ಗೆಳತಿ ಕೂತಿರ್ತಾಳೆ.

ಆಟದ ಮೈದಾನದಲ್ಲಿ ಗೆದ್ರೆ ಇದೆಲ್ಲ ಹೋಗುತ್ತೆ ಅನ್ನೋರಿಗೆ ಪಲ್ವಂಕರ್ ಬಾಲು ಕಥೆ ಹೇಳ್ತೀನಿ. ನಮ್ಮ ಧಾರವಾಡದಲ್ಲೇ 1876ರಲ್ಲಿ ಹುಟ್ಟಿದ ಚಮ್ಮಾರ ಸಮುದಾಯದ ಬೌಲರ್. 1911ರಲ್ಲಿ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ತೆಗೆದವರು. ಪುಣೆಯಲ್ಲಿ ಅವರು ಎಸೆದ ಚೆಂಡನ್ನ ಸವರ್ಣ ಆಟಗಾರರು ಮುಟ್ಟುತ್ತಿದ್ರು. ಟೀ ವಿರಾಮದಲ್ಲಿ ಅವರಿಗೆ ಪೆವಿಲಿಯನ್ ಹೊರಗೆ ಬೇರೆ ಮಣ್ಣಿನ ಲೋಟ! ಮೈಯಲ್ಲಿ ಕಸುವಿದ್ದು ಗೆದ್ದವರಿಗೂ ಊಟದ ಹೊತ್ತಲ್ಲಿ ಜಾತಿ ಎದುರಾಗುತ್ತೆ. ಆ ಕ್ಷಣಕ್ಕೂ ತಯಾರಿ ಬೇಕು.

ನಮ್ಮ ಕ್ಲಾಸಿನ ಹುಡುಗಿಯರಿಗೆ ಅತಿ ಕಷ್ಟದ ಪಾಠ ಯಾವುದು ಗೊತ್ತಾ? ಒದೆತ ಅಲ್ಲ, ಕೂಗು. ಕರಾಟೆಯಲ್ಲಿ ಹೊಡೆಯುವಾಗ ಹೊಟ್ಟೆಯಿಂದ ಕಿಯಾಯ್ ಅಂತ ಕೂಗ್ಬೇಕು. ಮೆಲ್ಲಗೆ ಮಾತಾಡು, ತಲೆ ಬಗ್ಗಿಸು ಅಂತ ಕೇಳಿಸಿಕೊಂಡೇ ಬೆಳೆದ ಗಂಟಲಿಂದ ಮೊದಲ ತಿಂಗಳು ದನಿಯೇ ಬರಲ್ಲ. ಬಂದ ದಿನ ಅಕ್ಕಪಕ್ಕದ ಮನೆಯವರು ಕಿಟಕಿ ತೆಗೆದು ನೋಡ್ತಾರೆ. ನೋಡಲಿ.

ಹಾಗಾದ್ರೆ ನಾವು ಮಕ್ಕಳಿಗೆ ಸಿಟ್ಟು ತುಂಬ್ತಿದ್ದೀವಾ? ಇದು ನಮ್ಮ ಸಂಗಾತಿಗಳೇ ಕೇಳೋ ಪ್ರಶ್ನೆ. "ಓದಿಸ್ರಮ್ಮ, ಹೊಡೆದಾಟ ಕಲಿಸಿ ಕೇಸು ಹಾಕಿಸ್ತೀರಾ?" ಅಂತ ಒಬ್ಬರು. "ಇಷ್ಟೆಲ್ಲ ನಯನಾಜೂಕು ಯಾಕೆ, ಹೊಡೆದವರಿಗೆ ತಿರುಗಿಸಿ ಹೊಡೆಯೋ ಪಡೆ ಕಟ್ಟಿ" ಅಂತ ಇನ್ನೊಬ್ಬರು. ಇಬ್ಬರಿಗೂ ನನ್ನ ಉತ್ತರ ಮಹಾಡ್.

1927ರ ಮಾರ್ಚ್ 20. ಬಾಬಾಸಾಹೇಬರ ಜೊತೆ ಸಾವಿರಾರು ಜನ ಚೌಡರ್ ಕೆರೆಯ ನೀರು ಮುಟ್ಟಿ ಕುಡಿದು ವಾಪಸ್ ಬಂದಿದ್ದರು. ಚಪ್ಪರದಲ್ಲಿ ಊಟದ ಹೊತ್ತು. ಆಗ ದೊಣ್ಣೆ ಹಿಡಿದು ನುಗ್ಗಿದವರು ಜನರನ್ನ ಹೊಡೆದರು, ಅನ್ನವನ್ನ ಮಣ್ಣುಪಾಲು ಮಾಡಿದರು. ಗಮನಿಸಿ, ದಾಳಿ ಆಗಿದ್ದು ಊಟದ ಮೇಲೂ. ನಮ್ಮವರ ಪೈಕಿ ಸೈನ್ಯದಲ್ಲಿ ದುಡಿದು ಬಂದ ಮಹಾರ್ ಯೋಧರಿದ್ದರು. ಬಾಬಾಸಾಹೇಬರು ಒಂದು ಮಾತು ಹೇಳಿದ್ರೆ ಊರು ಉಳೀತಿರಲಿಲ್ಲ. ಅವರು ತಡೆದರು, ಇವರು ತಡೆದುಕೊಂಡರು. ಆಮೇಲೆ ಕೋರ್ಟಿನಲ್ಲಿ ದಾಳಿ ಮಾಡಿದ ಕೆಲವರಿಗೆ ಜೈಲಾಯ್ತು. ಚಳವಳಿ ನಿಲ್ಲಲಿಲ್ಲ. ಡಿಸೆಂಬರ್‌ನಲ್ಲಿ ಅದೇ ಮಹಾಡಿನಲ್ಲಿ ಮನುಸ್ಮೃತಿ ಸುಟ್ಟರು.

ಕೈಲಾಗದವರು ಸುಮ್ಮನಿರೋದು ಬೇರೆ. ಹೊಡೆಯೋ ಶಕ್ತಿ ಇದ್ದು, ಯಾವಾಗ ಹೊಡೆಯಬಾರದು ಅಂತ ತಿಳಿದು ನಿಲ್ಲೋದು ಬೇರೆ. ಎರಡನೇದನ್ನೇ ನಾನು ಮನಸ್ಸಿನ ತಯಾರಿ ಅನ್ನೋದು. ಫುನಕೋಶಿ ಕೂಡ ಕರಾಟೆಯಲ್ಲಿ ಮೊದಲ ಏಟು ನಮ್ಮದಾಗಬಾರದು ಅಂತಲೇ ಕಲಿಸಿದ್ದು. ಆದರೆ ಆ ಶಕ್ತಿಯೇ ಇಲ್ಲದವರಿಗೆ ಸಂಯಮ ಬೋಧಿಸೋದು ಮೋಸ.

ಓದು ಬೇಕೋ ಸಾಮು ಬೇಕೋ ಅನ್ನೋರಿಗೂ ಇತಿಹಾಸದಲ್ಲೇ ಉತ್ತರ ಇದೆ. ಪುಣೆಯ ಮಾಂಗ್ ಸಮುದಾಯದ ಲಹುಜಿ ವಸ್ತಾದ್ ಸಾಳ್ವೆ ಗರಡಿ ಮನೆ ನಡೆಸ್ತಿದ್ರು. ಅಲ್ಲಿ ಸಾಮು ಕಲಿತವರಲ್ಲಿ ಜೋತಿಬಾ ಫುಲೆ ಒಬ್ಬರು. ಫುಲೆ ದಂಪತಿ ಶಾಲೆ ತೆಗೆದಾಗ ಬೆನ್ನಿಗೆ ನಿಂತವರೂ ಲಹುಜಿ. ಅದೇ ಮನೆತನದ ಹುಡುಗಿ ಮುಕ್ತಾ ಸಾಳ್ವೆ 1855ರಲ್ಲಿ, ಇನ್ನೂ ಶಾಲೆಯಲ್ಲಿದ್ದಾಗಲೇ, ಮಾಂಗ್-ಮಹಾರರ ದುಃಖದ ಬಗ್ಗೆ ಪ್ರಬಂಧ ಬರೆದಳು. ಗರಡಿ ಮತ್ತು ಶಾಲೆ ಒಂದೇ ಮನೆಯ ಎರಡು ಬಾಗಿಲು.

ನಮ್ಮ ಕ್ಲಾಸಲ್ಲಿ ಭಾನುವಾರದ ಕೊನೆ ಇಪ್ಪತ್ತು ನಿಮಿಷ ಮಾತಿಗೆ. ಆತ್ಮರಕ್ಷಣೆ ಕಾನೂನಿನಲ್ಲೇ ಇರೋ ಹಕ್ಕು, ಭಾರತೀಯ ನ್ಯಾಯ ಸಂಹಿತೆ ಅದನ್ನ ಒಪ್ಪುತ್ತೆ. ಆದರೆ ಅಪಾಯ ತಪ್ಪಿಸಿಕೊಳ್ಳೋಕೆ ಬೇಕಾದಷ್ಟು ಮಾತ್ರ. ಬಿದ್ದವನನ್ನ ಮತ್ತೆ ಒದ್ದರೆ ಅದು ರಕ್ಷಣೆ ಆಗಲ್ಲ, ಕೇಸು ತಿರುಗಿ ನಮ್ಮ ಮೇಲೇ ಬರುತ್ತೆ. ಜಾತಿ ಹಿಡಿದು ನಾಲ್ಕು ಜನರ ಎದುರು ಬೈದರೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. 14566ಕ್ಕೆ ಫೋನ್ ಮಾಡ್ಬಹುದು, ತುರ್ತಿದ್ರೆ 112. ಯಾರು ನೋಡಿದ್ರು, ಎಷ್ಟು ಹೊತ್ತು, ಏನು ಮಾತು, ಬರೆದಿಟ್ಕೋಬೇಕು. ಇದನ್ನೂ ಕಟಾ ಥರಾನೇ ಮತ್ತೆ ಮತ್ತೆ ಅಭ್ಯಾಸ ಮಾಡಿಸ್ತೀವಿ. ಎದೆ ಡವಡವ ಅನ್ನೋ ಹೊತ್ತಲ್ಲಿ ಮೈಗೆ ರೂಢಿಯಾದದ್ದೇ ಬರುತ್ತೆ, ನಾಲಿಗೆಗೂ ಅಷ್ಟೇ.

ಒನಕೆ ಎಲ್ಲಿತ್ತು?

ಓಬವ್ವನನ್ನ ನಾವು ಸ್ಟೇಟಸ್‌ಗೆ ಹಾಕ್ಕೋತೀವಿ. 1972ರ ನಾಗರಹಾವು ಚಿತ್ರದಲ್ಲಿ ಜಯಂತಿಯವರು ಮಾಡಿದ ಮೇಲಂತೂ ಮನೆಮನೆಗೂ ಗೊತ್ತು. 2021ರಿಂದ ನವೆಂಬರ್ 11ಕ್ಕೆ ಸರ್ಕಾರವೇ ಜಯಂತಿ ಮಾಡುತ್ತೆ. ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ ಹುಡುಗಿಯರಿಗೆ ಅವಳ ಹೆಸರಲ್ಲೇ ಆತ್ಮರಕ್ಷಣೆ ತರಬೇತಿ ಬಂತು. ಆದರೆ ಕಥೆಯಲ್ಲಿ ಒಂದು ವಿಷಯ ನಾವು ದಾಟಿ ಹೋಗ್ತೀವಿ. ಕಾವಲಿನ ಗಂಡ ಊಟಕ್ಕೆ ಕೂತಿದ್ದ. ಅವಳು ನೀರಿಗೆ ಹೋಗಿದ್ದಳು. ಕೈಗೆ ಸಿಕ್ಕಿದ್ದು ಅಡುಗೆಮನೆಯ ಒನಕೆ. ನಮ್ಮ ಛಲವಾದಿ ಹೆಣ್ಣುಮಗಳ ತೋಳಿಗೆ ಕಸುವು ಬಂದಿದ್ದು ದಿನಾ ಕುಟ್ಟಿ ಕುಟ್ಟಿ. ಎತ್ತೋದು, ಬಿಡೋದು, ಉಸಿರು ಹಿಡಿಯೋದು, ದಣಿಯದ ಹಾಗೆ ಲಯ ಕಾಯೋದು ಕುಟ್ಟೋರಿಗೆ ಗೊತ್ತು. ಯಾವ ಚೀಟಿಯೂ ಅವಳಿಗೆ ಬೇಕಾಗಿರಲಿಲ್ಲ.

ಆದ್ದರಿಂದ ಗೆಳೆಯರೇ, ಕೆಲವು ಕೆಲಸ ನಿಮ್ಮ ಮುಂದಿಡ್ತೀನಿ.

ನಿಮ್ಮ ಏರಿಯಾದಲ್ಲಿ, ಹಾಸ್ಟೆಲ್‌ನಲ್ಲಿ ಇಂಥ ತರಬೇತಿ ನಡೀತಿದ್ರೆ ಒಂದು ದಿನ ಹೋಗಿ ಕೂತು ನೋಡಿ. ಮಕ್ಕಳಿಗೆ ಊಟದ ಬಗ್ಗೆ ಏನು ಹೇಳ್ತಿದ್ದಾರೆ ಕೇಳಿ. ತರಬೇತಿ ದಿನ ಹಾಸ್ಟೆಲ್ ಊಟದಲ್ಲಿ ಮೊಟ್ಟೆ, ಕಾಳು ಇದೆಯಾ ನೋಡಿ. ಇಲ್ಲದಿದ್ರೆ ವಾರ್ಡನ್‌ಗೆ, ಇಲಾಖೆಗೆ ಅರ್ಜಿ ಬರೆಯಿರಿ. ಅರ್ಜಿ ಬರೆಯೋಕೆ ಸಹಾಯ ಬೇಕಾದ್ರೆ ನಾನಿದ್ದೀನಿ, ಇಪ್ಪತ್ತು ವರ್ಷದಿಂದ ಅದೇ ಕೆಲಸ ಮಾಡ್ತಿರೋದು.

ಜಯಂತಿಗೆ ಹಾಕೋ ಫ್ಲೆಕ್ಸ್ ಒಂದು ಕಮ್ಮಿ ಮಾಡಿ. ಆ ದುಡ್ಡಿಗೆ ಮೂವತ್ತು ಮಕ್ಕಳಿಗೆ ಎಷ್ಟು ವಾರ ಮೊಟ್ಟೆ ಬರುತ್ತೆ, ನೀವೇ ಲೆಕ್ಕ ಹಾಕಿ.

ಹುಡುಗಿಯರ ಬ್ಯಾಚಿಗೆ ಸಾಧ್ಯವಾದ ಕಡೆಯೆಲ್ಲ ಹೆಣ್ಣು ತರಬೇತುದಾರರನ್ನೇ ಕರೆಸಿ. ಮುಟ್ಟಿನ ದಿನ ಏನು ಮಾಡ್ಬೇಕು, ಮಾಡ್ಬಾರದು ಅಂತ ಮಕ್ಕಳು ಗಂಡಸು ಮಾಸ್ಟರ್‌ನ ಕೇಳಲ್ಲ. ಸುಮ್ಮನೆ ಬರೋದನ್ನೇ ಬಿಡ್ತಾರೆ.

ಇನ್ನು ಆ ಹುಡುಗಿ ಕೇಳಿದ ಪ್ರಶ್ನೆ. ಬಾಡು ತಿಂದ್ರೆ ಬ್ಲ್ಯಾಕ್ ಬೆಲ್ಟ್ ಸಿಗುತ್ತಾ ಅಂತ. ಸಿಗುತ್ತೆ ಮಗಳೇ. ಬೆಲ್ಟ್ ಕೊಡೋದು ಬೆವರು ನೋಡಿ. ನಿಮ್ಮಮ್ಮ ಮಾಡಿದ ಸಾರು ಆ ಬೆವರಿನ ಒಳಗೇ ಇದೆ.

ಅನಿಸಿದ್ದನ್ನ ಕಾಮೆಂಟಲ್ಲಿ ಬರೀರಿ. ಬೈಯೋದಾದ್ರೂ ಸರಿ, ಓದಿ ಬೈಯಿರಿ.

ಜೈಭೀಮ್. ಜೈ ಸಾವಿತ್ರಿ. ಜೈ ಓಬವ್ವ.